ನಲವತ್ತನೆಯ ಗುಂಡು

2019ರ ಮಾರ್ಚ್ 10, ಭಾನುವಾರ, ಸಂಜೆ 4 ಗಂಟೆ 20 ನಿಮಿಷ. ನಲವತ್ತನೆಯ ಗುಂಡು ಹೊಡೆದು ಸೊಸೆ ಪಿಸ್ತೂಲನ್ನು ಮೇಜಿನ ಮೇಲಿಟ್ಟಳು. ಗಾಳಿಯ ಒತ್ತಡಕ್ಕೆ ಹಾರುವ, ಮೆಣಸಿನಕಾಳಿನಷ್ಟು ಸೀಸದ ಗುಂಡು. ಹಜಾರದ ಈ ತುದಿಯಿಂದ ಆ ತುದಿಗೆ ಸರಿಯಾಗಿ ಹತ್ತು ಮೀಟರ್. ಅಲ್ಲಿ ಗುರಿಯ ಕಾಗದ, ಅದರ ಹಿಂದೆ ಗುಂಡು ಹಿಡಿಯುವ ತಗಡಿನ ಪೆಟ್ಟಿಗೆ, ಪಕ್ಕದಲ್ಲೇ ಅಡುಗೆಮನೆಯ ಬಾಗಿಲು.

ಕೊನೆಯ ಗುಂಡಿಗೆ ಕಾಗದದಲ್ಲಿ ಹೊಸ ತೂತು ಕಾಣಲಿಲ್ಲ. ಹಳೆಯ ತೂತಿನಲ್ಲೇ ತೂರಿರಬೇಕೆಂದು ಅವಳು ಒಳಗೊಳಗೇ ಬೀಗಿದಳು.

ತೂಕದ ಬಟ್ಟುಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಅವಳ ಕೆಲಸದ ಜಾಗ. ಅತ್ತೆ ಅವಳಿಗೆ ಇಟ್ಟ ಹೆಸರು ಮಿಲಿಗ್ರಾಮು. ತೂತುಗಳು ಒಂದರ ಮೇಲೊಂದು ಬೀಳುವುದರಿಂದ ಅವಳು ಅವನ್ನು ಎಣಿಸುತ್ತಿರಲಿಲ್ಲ. ಪೆಟ್ಟಿಗೆಯ ಸೀಸವನ್ನೆಲ್ಲ ಬಳಿದು ತೂಗುತ್ತಿದ್ದಳು. ಗುಂಡೊಂದಕ್ಕೆ 0.53 ಗ್ರಾಂ, ನಲವತ್ತಕ್ಕೆ 21.20. ಇವತ್ತು ತಕ್ಕಡಿ 20.67 ತೋರಿಸಿತು. ಮತ್ತೆ ತೂಗಿದಳು. ಅಷ್ಟೇ.

ಒಂದು ಗುಂಡು ಇಲ್ಲ.

ಗೋಡೆ ತಡವಿದಳು, ನೆಲ ತಡವಿದಳು. ಆಮೇಲೆ ಕಣ್ಣು ಬಾಗಿಲ ಮೇಲೆ ನಿಂತಿತು. ಹಳೆಯ ಬೀಗ ಕಿತ್ತಲ್ಲಿ ಹೆಬ್ಬೆರಳಷ್ಟು ತೂತು. ಅದಕ್ಕೆ ತುರುಕಿದ್ದ ಬಟ್ಟೆ ಕೆಳಗೆ ಬಿದ್ದಿತ್ತು. ಗುರಿಯ ಅಭ್ಯಾಸ ಮುಗಿಯುವವರೆಗೆ ಚಿಲಕ ಹಾಕಿ, ಬಾಗಿಲ ಹಿಂದೆ ಸ್ಟೂಲು ಹಾಕಿಕೊಂಡು ಕೂರುವ ಅತ್ತೆಗೆ ಆ ತೂತು ಕಣ್ಣಿನ ಮಟ್ಟಕ್ಕೇ ಬರುತ್ತದೆ. ಅವರು ಎಡಗಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಹದಿನೈದು ದಿನವಾಗಿರಲಿಲ್ಲ.

ಬಾಗಿಲು ಬಡಿದಳು. "ಅತ್ತೆ, ತೆಗೀರಿ."

ಚಿಲಕ ಸರಿಯಿತು. ಅತ್ತೆ ಎಡಗಣ್ಣನ್ನು ಕರವಸ್ತ್ರದಿಂದ ಒತ್ತಿಕೊಂಡು ನಿಂತಿದ್ದರು. ಕೆನ್ನೆಯ ಮೇಲೆ ನೀರು.

"ಏನಾಯ್ತು ಕಣ್ಣಿಗೆ?"

"ಉರೀತಿದೆ. ಈಗ ತಾನೇ ಹನಿ ಬಿಟ್ಕೊಂಡೆ, ಅದಕ್ಕೇ ಇರಬೇಕು."

"ಇರಬೇಕು ಅಂದ್ರೆ? ತೂತಲ್ಲಿ ಇಣುಕಿದ್ರಾ?"

"ಒಂದ್ಸಲ. ನಿನ್ನ ಗತ್ತು ನೋಡೋಣ ಅಂತ."

ಸೊಸೆ ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿ ಬಟ್ಟು ನೋಡುವ ಭೂತಗನ್ನಡಿ ತಂದಳು. ಕಣ್ಣು ಕೆಂಪಗಿತ್ತು. ಗಾಯವಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

"ಡಾಕ್ಟರ ಹತ್ರ ಹೋಗೋಣ, ಏಳಿ. ಒಂದು ಗುಂಡು ಲೆಕ್ಕಕ್ಕೆ ಸಿಗ್ತಿಲ್ಲ."

"ನೀನು ಇನ್ನೂ ಮುಗಿಸೇ ಇಲ್ವಲ್ಲೇ. ನಾನು ನಲವತ್ತನೇದಕ್ಕೆ ಕಾಯ್ತಾ ಕೂತಿದ್ದೆ."

"ಮುಗಿಸಿ ಎಷ್ಟೊತ್ತಾಯ್ತು. ನೀವು ಎಣಿಸಿದ್ದು ತಪ್ಪಿದೆ."

"ಮಿಲಿಗ್ರಾಮು, ನಿನ್ನ ತಕ್ಕಡಿ ತಪ್ಪಬಹುದು, ನನ್ನ ಕಿವಿ ತಪ್ಪಲ್ಲ. ಆ ತಗಡು ಮೂವತ್ತೊಂಬತ್ತು ಸಲ ಟಣ್ ಅಂದಿದೆ. ನಲವತ್ತು ಕೇಳದೆ ನಾನು ಯಾವತ್ತಾದ್ರೂ ಚಿಲಕ ತೆಗೆದಿದ್ದೀನಾ? ಈಗ್ಲೂ ನೀನು ಬಡಿದಿದ್ದಕ್ಕೆ ತೆಗೆದೆ."

ಸೊಸೆ ಚಪ್ಪಲಿ ಹುಡುಕುತ್ತಿದ್ದವಳು ನಿಂತಳು. ತಗಡಿನ ಸದ್ದು ಮೂವತ್ತೊಂಬತ್ತು, ತಕ್ಕಡಿಯ ಲೆಕ್ಕವೂ ಮೂವತ್ತೊಂಬತ್ತು. ಕೊನೆಯ ಏಟಿನಲ್ಲಿ ಪಿಸ್ತೂಲು ಟುಸ್ಸೆಂದದ್ದು ಈಗ ನೆನಪಾಯಿತು. ಅದಕ್ಕೂ ಮುಂಚೆ ಪಿಸ್ತೂಲಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆಗಿಂತ ಕೆಳಗಿದ್ದದ್ದು, ಇನ್ನೊಂದೇ ತಾನೇ ಎಂದು ತಾನು ಗಾಳಿ ತುಂಬದೆ ಬಿಟ್ಟದ್ದು. ಪಿಸ್ತೂಲು ಅವಳು ಇಟ್ಟಂತೆಯೇ ಮೇಜಿನ ಮೇಲೆ, ಮೂತಿ ಬಾಗಿಲ ಕಡೆಗೆ ಮಾಡಿಕೊಂಡು ಮಲಗಿತ್ತು.

ಅದನ್ನು ಎತ್ತಿ ಪೆಟ್ಟಿಗೆಯ ಬಳಿ ಒಯ್ದು, ಮೂತಿಯನ್ನು ಅದರೊಳಕ್ಕೆ ತಿರುಗಿಸಿ, ಹಿಂದಿನಿಂದ ನಳಿಗೆಯೊಳಗೆ ಸಪೂರ ಕಡ್ಡಿ ತೂರಿಸಿದಳು. ನಡುವೆ ಏನೋ ತಡೆಯಿತು. ಮೆಲ್ಲಗೆ ಒತ್ತಿದಳು. ತಗಡು ಸಣ್ಣಗೆ ಟಣ್ ಎಂದಿತು.

"ನಲವತ್ತು," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಸೊಸೆ ಬಿದ್ದದ್ದನ್ನು ಆಯ್ದು ತಕ್ಕಡಿಯ ಮೇಲಿಟ್ಟು, ಅಂಕಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾದಳು. 0.53 ಗ್ರಾಂ.