ಬೆನ್ನ ಹಿಂದಿನ ಗಣ

ಸಿರುಗುಪ್ಪದಿಂದ ಫೋನು ಬಂದಾಗ ಅಕ್ಷತಾ ಗಟ್ಟಿಯಾಗಿ ಓದುತ್ತಿದ್ದಳು. ಓದುತ್ತಿದ್ದದ್ದು ಅಜ್ಜಿಯ ಬರಹ. ದಾಕ್ಷಾಯಣಮ್ಮನವರು ಪಾರ್ವತಿನಗರದ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತು, ತಮ್ಮ ಮಾತು ಎಂಟು ವರ್ಷದ ಮೊಮ್ಮಗಳ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ಕಿವಿಗೊಟ್ಟಿದ್ದರು. ಮಗು ತಡವರಿಸಿದ ಕಡೆ ಶಬ್ದ ಬದಲಿಸುವುದು ಅವರ ಕ್ರಮ. ಬಳ್ಳಾರಿಯ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಬೇಸಿಗೆ ಶಿಬಿರದ ಮಕ್ಕಳಿಗೆ ಭಕ್ತಿಯ ಒಂದು ಚಿಕ್ಕ ಪುಸ್ತಕ ಬರೆದುಕೊಡಿರೆಂದು ಮಠದವರು ಕೇಳಿದಾಗ ಸಂತೋಷದಿಂದ ಒಪ್ಪಿದ್ದರು. ಪ್ರತಿ ಮಗುವಿನ ಬೆನ್ನ ಹಿಂದೆಯೂ ಶಿವನು ತನ್ನ ಗಣಗಳಲ್ಲಿ ಒಬ್ಬನನ್ನು ನಿಲ್ಲಿಸಿರುತ್ತಾನೆ ಎಂಬುದು ಪುಸ್ತಕದ ವಿಷಯ.

“ಕೊರಳಲ್ಲಿ ಲಿಂಗವಿದ್ದ ಮಗುವಿನ ಹತ್ತಿರ ಆಪತ್ತು ಸುಳಿಯುವುದಿಲ್ಲ. ಗಣನು ಅದನ್ನು ದೂರದಿಂದಲೇ ಓಡಿಸಿಬಿಡುತ್ತಾನೆ” ಎಂದು ಓದಿ ಅಕ್ಷತಾ ನಿಂತಳು. “ಸುಳಿಯುವುದಿಲ್ಲ ಅಂದ್ರೇನಜ್ಜಿ?”

“ಹತ್ರಾನ ಬರಂಗಿಲ್ಲ ಅಂತ.”

“ಹಂಗಂತ ಬರಿ ಮತ್ತ. ನಾ ಬಾಳಿಗಿಡದ ಸುಳಿ ಅನ್ಕಂಡೆ.”

ದಾಕ್ಷಾಯಣಮ್ಮನವರು ನಗುತ್ತಲೇ ಫೋನು ಎತ್ತಿಕೊಂಡರು. ಆ ಕಡೆ ಅಕ್ಕಿ ಗಿರಣಿಯ ಗುಮಾಸ್ತ ಅಯ್ಯಣ್ಣ.

“ಅಮ್ಮಾರ, ಮನ್ಯಾಗ ಗಂಡಸ್ರು ಯಾರರ ಅದಾರೇನ್ರಿ?”

ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿಯಿತು. ಆ ಮನೆಯಲ್ಲಿ ಗಂಡಸೆಂದು ಇದ್ದವನು ಅವರ ಮಗ ಶಶಿಕಾಂತನೊಬ್ಬನೇ. ಅವನು ಆ ಬೆಳಿಗ್ಗೆ ಅಯ್ಯಣ್ಣನ ಗಿರಣಿಗೇ ಮಷಿನು ರಿಪೇರಿಗೆ ಹೋಗಿದ್ದ. ಮೇಲಿನ ಅಟ್ಟದಿಂದ ಕಾಲು ಜಾರಿ ಬಿದ್ದನೆಂದೂ, ಆಸ್ಪತ್ರೆ ಸೇರುವ ಮೊದಲೇ ಉಸಿರು ನಿಂತಿತೆಂದೂ ಅಯ್ಯಣ್ಣ ಅಳುತ್ತ ಹೇಳಿದ್ದು ಆಮೇಲೆ.

ಹಚ್ಚೊಳ್ಳಿಯಲ್ಲಿ, ಕಾಲುವೆಯ ದಂಡೆಗಿರುವ ಅವರದೇ ಹೊಲದಲ್ಲಿ ಸಮಾಧಿಗೆ ಕುಣಿ ತೆಗೆಸಿದರು. ಶಶಿಕಾಂತನನ್ನು ಪದ್ಮಾಸನದಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಅವನ ಲಿಂಗವನ್ನಿಡಬೇಕು. ಆದರೆ ಕೊರಳಲ್ಲಿ ಲಿಂಗವಿರಲಿಲ್ಲ. ಅಯ್ಯಣ್ಣ ಗಿರಣಿಯಿಂದ ತಂದಿದ್ದ ಶಶಿಕಾಂತನ ಅಂಗಿಯ ಕಿಸೆಯಲ್ಲಿ ಅದು ಸಿಕ್ಕಿತು. ಮಠದ ಸ್ವಾಮಿಗಳು ಅದನ್ನು ತೊಳೆದು ಅಂಗೈಯಲ್ಲಿ ಇಟ್ಟರು.

“ಈಗ ಕೈಗೆ ಬಂತು” ಎಂದು ಹಿಂದಿನಿಂದ ಚಿದಾನಂದಪ್ಪ ನಿಟ್ಟುಸಿರು ಬಿಟ್ಟರು. “ಮುಂಜಾನಿ ಕೊರಳಾಗ ಇದ್ದಿದ್ರ ಇದು ಆಗ್ತಿದ್ದಿಲ್ಲ.”

ಚಿದಾನಂದಪ್ಪ ದಾಕ್ಷಾಯಣಮ್ಮನವರಿಗೆ ವರಸೆಯಲ್ಲಿ ತಮ್ಮ. ಬಳ್ಳಾರಿಯಲ್ಲಿ ಪ್ರೆಸ್ಸು ಇಟ್ಟುಕೊಂಡು ಮಠದ ಪುಸ್ತಕಗಳನ್ನೆಲ್ಲ ಅಚ್ಚು ಮಾಡಿಕೊಡುವವರು. ಕೆಟ್ಟ ಮನುಷ್ಯರಲ್ಲ, ಸಂಕಟಕ್ಕೆ ಬಾಯಿಗೆ ಬಂದದ್ದು ಅಂದರು. ಸುತ್ತಲಿದ್ದವರು ಹೌದೆಂಬಂತೆ ತಲೆಯಾಡಿಸಿದರು. ಅಜ್ಜಿಯ ಸೆರಗು ಹಿಡಿದು ನಿಂತ ಅಕ್ಷತಾಳ ಕೈ ತನ್ನ ಕೊರಳಿಗೆ ಹೋದದ್ದನ್ನು ಯಾರೂ ನೋಡಲಿಲ್ಲ.

ದಾಕ್ಷಾಯಣಮ್ಮನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಹಿಡಿದರೆ ಮನಸ್ಸು ಗಿರಣಿಯ ಅಟ್ಟ ಹತ್ತುತ್ತಿತ್ತು. ಎದ್ದು ಅಡುಗೆಮನೆಗೆ ಹೋಗುವರು, ಯಾಕೆ ಬಂದೆನೆಂದು ನಿಲ್ಲುವರು, ಮತ್ತೆ ಪಡಸಾಲೆಗೆ ಬರುವರು. ಪುಸ್ತಕದ ಹಾಳೆ ಮುಂದಿಟ್ಟುಕೊಂಡರೆ ಒಂದು ಸಾಲು ಬರೆದು ಹೊಡೆದುಹಾಕುವರು. ಮಗ ತಿರುಗುವ ಬೆಲ್ಟುಗಳ ನಡುವೆ ಕೆಲಸ ಮಾಡುತ್ತಿದ್ದವನು. ಲಿಂಗದ ದಾರ ಅದಕ್ಕೆ ಸಿಕ್ಕಿದರೆ ಕುತ್ತಿಗೆಯೇ ಹೋಗುತ್ತದೆಂದು ಕೆಲಸದ ಹೊತ್ತಿನಲ್ಲಿ ತೆಗೆದು ಕಿಸೆಯಲ್ಲಿಡುತ್ತಿದ್ದ. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಚಿದಾನಂದಪ್ಪನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಸೊಸೆ ಪೂಜಿತಾ ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ರಜೆ ಮುಗಿದ ಮೇಲೆ ಮತ್ತೆ ಬಸ್ಸು ಹಿಡಿಯತೊಡಗಿದಳು. ಒಂದು ಬೆಳಿಗ್ಗೆ ಅವಳು ಅವಸರದಲ್ಲಿ ಹೊರಟು ಹೋದ ಮೇಲೆ ಅಕ್ಷತಾ ಬಚ್ಚಲಮನೆಯಿಂದ ಚೀರಿಕೊಂಡು ಬಂದಳು. ಅವಳ ಮುಷ್ಟಿಯಲ್ಲಿ ತಾಯಿಯ ಲಿಂಗವಿತ್ತು. ಸ್ನಾನ ಮಾಡುವಾಗ ಪೂಜಿತಾ ಅದನ್ನು ಮೊಳೆಗೆ ಹಾಕಿ ಮರೆತಿದ್ದಳು. ಅಜ್ಜಿ ಕೂಗುವಷ್ಟರಲ್ಲಿ ಹುಡುಗಿ ಬರಿಗಾಲಲ್ಲಿ ಬಸ್‌ಸ್ಟಾಪಿನತ್ತ ಓಡಿತು.

ತುಸು ಹೊತ್ತಿನ ನಂತರ ತಾಯಿ ಮಗಳು ಇಬ್ಬರೂ ಮನೆಗೆ ಬಂದರು. ಬಸ್ಸು ಹೋಗಿತ್ತು. ಪೂಜಿತಾಳ ಮುಖ ಕೆಂಪಾಗಿತ್ತು.

“ಅತ್ತಿ, ಇದು ಇವತ್ತಿಂದಲ್ರಿ. ದಿನಾ ಬಾಗಿಲದಾಗ ನಿಂತು ನನ್ನ ಕೊರಳು ಮುಟ್ಟಿ ನೋಡೇ ಹೊರಗ ಬಿಡ್ತಾಳ. ಇವತ್ತು ಬಸ್ಸಿನ ಮುಂದ ಅಡ್ಡ ನಿಂತ್ಬಿಟ್ಟಿದ್ಲು. ಕಂಡಕ್ಟರ್ರು, ‘ಏನ್ ಮೇಡಂ, ನಿಮ್ಮ ಮಗಳು ಚೆಕಿಂಗ್ ಇನ್‌ಸ್ಪೆಕ್ಟರ್ ಏನು’ ಅಂತ ನಗಾಕತ್ತಿದ್ದ. ನನಗ ನಗಿ ಬರ್ಲಿಲ್ರಿ.”

“ಸಣ್ಣದೈತಿ, ಅಂಜಿಕಿ. ಹೋಗ್ತೈತಿ.”

“ಹೆಂಗ್ ಹೋಗ್ತೈತ್ರಿ? ‘ಅಪ್ಪ ಲಿಂಗ ತೆಗ್ದ, ಅದಕ್ಕ ಗಣ ಬಿಟ್ಟು ಹೋದ. ಅಪ್ಪಂದ ತಪ್ಪು’ ಅಂತಾಳ. ಯಾರಂದ್ರು ನಿನಗ ಅಂದ್ರ, ‘ಅಜ್ಜಿ ಬರದಾಳ’ ಅಂತಾಳ.” ಪೂಜಿತಾ ಹೆಗಲ ಚೀಲವನ್ನು ಕೆಳಗಿಟ್ಟಳು. “ಆ ಮನುಷ್ಯ ಯಾರಿಗೂ ಒಂದ್ ಕೇಡು ಬಗೀಲಿಲ್ಲ. ಮಗಳ ಕಣ್ಣಾಗ ತಪ್ಪುಗಾರ ಆಗಿ ಕುಂತಾನ.”

ದಾಕ್ಷಾಯಣಮ್ಮನವರು ಮೂಲೆಯಲ್ಲಿ ಮುಖ ತಿರುಗಿಸಿ ನಿಂತಿದ್ದ ಮೊಮ್ಮಗಳನ್ನು ಹತ್ತಿರ ಕರೆದರು.

“ಅದು ಪುಸ್ತಕಕ್ಕಂತ ಬರದಿದ್ದವ್ವ. ಹಂಗ ಖರೇ ಅಂತ ತಿಳೀಬಾರ್ದು.”

“ಹಂಗಾದ್ರ ಗಣ ಸುಳ್ಳಾ?”

“ಸುಳ್ಳಲ್ಲ.”

“ಮತ್ತ ಖರೇನ?”

ಅಜ್ಜಿ ಅವಳ ಬೆನ್ನ ಮೇಲೆ ಕೈಯಿಟ್ಟರು. ಖರೆ ಎಂದರೆ ಮಗ ತಪ್ಪುಗಾರ. ಸುಳ್ಳು ಎಂದರೆ ಈ ಕೂಸಿನ ಬೆನ್ನ ಹಿಂದೆ ಯಾರೂ ಇಲ್ಲ, ಬಸ್ಸಿನಲ್ಲಿ ಹೋಗುವ ತಾಯಿಯ ಬೆನ್ನ ಹಿಂದೆಯೂ ಇಲ್ಲ. ಒಂದು ಸಾಲು ಬರೆದು, ಅದರ ಎರಡೂ ತುದಿಗೆ ಮುಳ್ಳು ಇಟ್ಟಿದ್ದರು.

ಅದೇ ವಾರ ಚಿದಾನಂದಪ್ಪ ಬಂದರು. ಕಲಾವಿದನಿಂದ ಬರೆಸಿದ ಗಣನ ಚಿತ್ರ ತಂದಿದ್ದರು. ಕೈಯಲ್ಲಿ ಗದೆ, ಕಿವಿಯವರೆಗೆ ಮೀಸೆ.

“ನೋಡ್ರಿ ಅಕ್ಕಾರ, ಮೀಸಿ ದಪ್ಪ ಮಾಡಿಸೀನಿ. ಕೆಳಗ ನಿಮ್ಮ ಆ ಸಾಲು ದೊಡ್ಡ ಅಕ್ಷರದಾಗ ಹಾಕ್ತೀನಿ. ಆಪತ್ತು ಸುಳಿಯೋದಿಲ್ಲ ಅನ್ನೋದು. ಮಕ್ಕಳು ಬಾಯಿಪಾಠ ಮಾಡ್ಬೇಕು. ಶಿಬಿರ ಹತ್ರ ಬಂತು, ಉಳಿದಿದ್ದು ಬರ್ದು ಕೊಡ್ರಿ.”

ದಾಕ್ಷಾಯಣಮ್ಮನವರು ಚಿತ್ರವನ್ನು ನೋಡಿದರು. ಇಷ್ಟು ದೊಡ್ಡ ಮೀಸೆಯವನು ನನ್ನ ಮಗ ಜಾರುವಾಗ ಎತ್ತ ನೋಡುತ್ತಿದ್ದ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿ, “ಒಂದೀಟು ತಡಿಯಪ್ಪ” ಎಂದಷ್ಟೇ ಹೇಳಿ ಕಳಿಸಿದರು. ಆಮೇಲೆ ಹಾಗೆ ಯೋಚಿಸಿದ್ದಕ್ಕೆ ಶಿವನ ಮುಂದೆ ಗಲ್ಲ ಬಡಿದುಕೊಂಡರು. ಮರುಗಳಿಗೆ ಅದೇ ಯೋಚನೆ ಮತ್ತೆ ಬಂತು.

ಅಕ್ಷತಾಳ ಶಾಲೆಗೆ ರಜೆಯಿದ್ದ ಒಂದು ಸೋಮವಾರ, “ಅಮ್ಮನ ಜೊತಿ ನಾನೂ ಹೊಕ್ಕೀನಿ” ಎಂದು ಹುಡುಗಿ ಹಟ ಹಿಡಿಯಿತು. ಬಿಟ್ಟಿದ್ದರೆ ತಾಯಿಯ ಕ್ಲಾಸಿನಲ್ಲೂ ಕಾವಲು ಕೂರುವಂತಿತ್ತು. ದಾಕ್ಷಾಯಣಮ್ಮನವರು ತಾವೂ ಹೊರಟರು. ಕುರುಗೋಡಿನಲ್ಲಿ ಪೂಜಿತಾ ಶಾಲೆಗೆ ಹೋದಳು. ಅಜ್ಜಿ ಮೊಮ್ಮಗಳು ದೊಡ್ಡಬಸವೇಶ್ವರನ ಗುಡಿಗೆ ಹೋದರು.

ಸೋಮವಾರದ ಜನ ಬಂದು ಕಾಯಿ ಒಡೆಸಿಕೊಂಡು ಹೋಗುತ್ತಿದ್ದರು. ಒಂದೇ ಬಂಡೆಯ ದೊಡ್ಡ ಬಸವಣ್ಣ, ಮೈತುಂಬ ಹೂವು ಹೊತ್ತು, ಕಾಲು ಮಡಚಿ ಕೂತಿದ್ದ. ಅಕ್ಷತಾ ಕತ್ತೆತ್ತಿ ಎಷ್ಟೋ ಹೊತ್ತು ನೋಡಿದಳು.

“ಅಜ್ಜಿ, ಇವ ಯಾಕ ಹಿಂಗ ಕುಂತಾನ?”

“ಕಾಯಾಕತ್ತಾನವ್ವ.”

“ಯಾರನ್ನ?”

“ನಮ್ಮನ್ನ.”

“ನಾವು ಬಂದೀವಲ್ಲ! ಇನ್ನೂ ಯಾರು ಬರೋದೈತಿ?”

ಪಕ್ಕದಲ್ಲಿ ಊದಿನಕಡ್ಡಿ ಹಚ್ಚುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ದಾಕ್ಷಾಯಣಮ್ಮನವರು ನಗಲಿಲ್ಲ. ಅವರು ಹೇಳಿದ್ದು ಕಾಪಾಡುವ ಮಾತು. ಮಗು ಕೇಳಿಸಿಕೊಂಡದ್ದು ದಾರಿ ನೋಡುವ ಮಾತು. ತಪ್ಪು ಮಗುವಿನದಲ್ಲ. ದಿನ ಬೆಳಗಾದರೆ ಈ ಊರುಗಳಲ್ಲಿ ಜನ ಬಸ್ಸು ಕಾಯುತ್ತಾರೆ, ಬೆಳೆ ಕಾಯುತ್ತಾರೆ, ಶಾಲೆಯಿಂದ ಬರುವ ಮಕ್ಕಳನ್ನು ಕಾಯುತ್ತಾರೆ. ಎಲ್ಲಕ್ಕೂ ಒಂದೇ ಶಬ್ದ. ಜೀವಮಾನವೆಲ್ಲ ಆ ಶಬ್ದದ ಅರ್ಥಗಳನ್ನು ಕರಿಹಲಗೆಯ ಮೇಲೆ ಬೇರೆ ಬೇರೆ ಬರೆದು ಕಲಿಸಿದ ಬಾಯಿ ಅವರದು.

ಅಕ್ಷತಾ ಬಸವಣ್ಣನ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು. “ಅಪ್ಪನ್ನೂ ಕಾಯಾಕತ್ತಿದ್ನಾ?”

“ಹೂಂ.”

“ಅಪ್ಪ ಶಿವನ ಹತ್ರ ಹೋಗಿ ಮುಟ್ಟಿದ್ನಾ?”

“ಮುಟ್ಯಾನವ್ವ.”

ಹುಡುಗಿ ದನಿ ತಗ್ಗಿಸಿದಳು, ಬಸವಣ್ಣನಿಗೆ ಕೇಳಿಸಬಾರದೆಂಬಂತೆ. “ಲಿಂಗ ಕಿಸೆದಾಗಿತ್ತಲ್ಲಜ್ಜಿ. ಒಳಗ ಬಿಟ್ರಾ?”

ಇಷ್ಟು ದಿನ ಆ ಕೂಸು ಹೊತ್ತುಕೊಂಡು ತಿರುಗಿದ್ದು ಇದನ್ನು. ಅಪ್ಪ ಹೇಗೆ ಹೋದ ಎಂಬುದಕ್ಕಿಂತ, ಹೋದವನು ಯಾವುದೋ ಬಾಗಿಲಲ್ಲಿ ಹೊರಗೇ ನಿಂತುಬಿಟ್ಟನೇ ಎಂಬುದು. ದಾಕ್ಷಾಯಣಮ್ಮನವರಿಗೆ ತಮ್ಮದೇ ಅಂಜಿಕೆ ಎಂಟು ವರ್ಷದ ದನಿಯಲ್ಲಿ ಕೇಳಿದಂತಾಯಿತು. ಅವರು ಅಲ್ಲೇ ಕಲ್ಲಿನ ಮೇಲೆ ಕೂತು ಮೊಮ್ಮಗಳನ್ನು ತೊಡೆಯ ಹತ್ತಿರ ಎಳೆದುಕೊಂಡರು.

“ನಿಮ್ಮಪ್ಪ ಕೆಲಸದಿಂದ ಬಂದಾಗ ನಾ ಬಾಗಿಲದಾಗ ಏನ್ ಮಾಡ್ತಿದ್ದೆ?”

“ನೀರು ಕೊಡ್ತಿದ್ದಿ. ‘ಎಣ್ಣಿ ಕೈ ಗ್ವಾಡಿಗೆ ಹಚ್ಚಬ್ಯಾಡೋ’ ಅಂತ ಬೈತಿದ್ದಿ.”

“ಬೈತಿದ್ದೆ. ಕಿಸೆದಾಗ ಏನ್ ಐತಿ, ಕೊರಳಾಗ ಏನ್ ಐತಿ ಅಂತ ನೋಡಿ ಒಳಗ ಕರಿತಿದ್ದೆನಾ?”

“ಇಲ್ಲ.”

“ಹೆತ್ತಾಕಿ ನಾನ ನೋಡ್ಲಿಲ್ಲ. ಶಿವ ನನಗಿಂತ ಸಣ್ಣ ಮನಸ್ಸಿನವನೇನ?”

ಅಕ್ಷತಾ ಯೋಚಿಸಿದಳು. “ಲಿಂಗಕ್ಕ ಎಣ್ಣಿ ಹತ್ತಬಾರ್ದಂತನೂ ತೆಗಿತಿದ್ದ ಅಪ್ಪ. ನನಗ ಹೇಳಿದ್ದ.”

“ಹೌದಾ? ನನಗ ಹೇಳಿದ್ದಿಲ್ಲ ನೋಡು” ಎಂದರು ದಾಕ್ಷಾಯಣಮ್ಮನವರು. ಮಗ ಸತ್ತ ಮೇಲೆ ಅವನ ಬಗ್ಗೆ ಹೊಸದೊಂದು ತಿಳಿದದ್ದು ಅದೇ ಮೊದಲು. ಗುಡಿಯ ಜನರ ನಡುವೆ ಅವರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಹುಡುಗಿಯೂ ಅತ್ತಿತು. ಊದಿನಕಡ್ಡಿಯ ಹೆಂಗಸು ಸುಮ್ಮನೆ ಬಂದು ಇಬ್ಬರ ಕೈಗೂ ಬಾಳೆಹಣ್ಣು ಕೊಟ್ಟು ಹೋದಳು.

ಮರುದಿನವೇ ಅವರು ಹೊಸ ಹಾಳೆ ಹಿಡಿದು ಪ್ರೆಸ್ಸಿಗೆ ಹೋದರು. ಚಿದಾನಂದಪ್ಪ ಕನ್ನಡಕ ಏರಿಸಿ ಓದಿದರು. “ನಿನ್ನ ಬೆನ್ನ ಹಿಂದೆ ಶಿವನ ಗಣನೊಬ್ಬ ಇದ್ದಾನೆ. ಅವನಿದ್ದರೂ ನೀನು ಬೀಳಬಹುದು. ಬಿದ್ದರೆ ನೋವಾಗುತ್ತದೆ. ಬಿದ್ದದ್ದು ನಿನ್ನ ತಪ್ಪಲ್ಲ. ಬಿದ್ದವರನ್ನು ಬಿಟ್ಟು ಅವನು ಮುಂದೆ ಹೋಗುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತಾನೆ.”

“ಇದೇನ್ರಿ ಅಕ್ಕಾರ! ಆ ಚಲೋ ಸಾಲು ತೆಗೆದ್ರ ಏನ್ ಉಳೀತು? ಬೀಳ್ತೀರಿ ಅಂತ ಮೊದಲ ಹೇಳಿ ಮಕ್ಕಳನ್ನ ಅಂಜಿಸ್ತೀರೇನು?”

“ಬಿದ್ದ ಮಕ್ಕಳ ಕೈಗೂ ಪುಸ್ತಕ ಹೋಗ್ತೈತಪ್ಪ.”

“ಸ್ವಾಮಿಗಳು ಕೇಳಿದ್ರ ನಾ ಏನ್ ಹೇಳ್ಲಿ?”

“ನಾನ ಬಂದು ಹೇಳ್ತೀನಿ. ಅವರಿಗೂ ಒಪ್ಪಿಗಿ ಆಗ್ಲಿಲ್ಲಂದ್ರ ಪುಸ್ತಕಾನ ಬ್ಯಾಡ.” ಎದುರಿಗಿದ್ದ ಸ್ಟೂಲಿನ ಮೇಲೆ ಕೂತು ಹೇಳಿದರು. “ನಾ ಬರದ ಸಾಲೂ, ನೀ ಹಚ್ಚೊಳ್ಳ್ಯಾಗ ಅಂದ ಮಾತೂ ಎರಡೂ ಒಂದ ಚಿದಾನಂದಪ್ಪ. ಕೂಸು ಎರಡನ್ನೂ ಕೇಳೈತಿ. ಅವ್ವನ ಕೊರಳು ಮುಟ್ಟಿ ನೋಡದ ಹೊರಗ ಬಿಡವಲ್ದು.”

ಚಿದಾನಂದಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕಡೆಗೆ, “ಮೀಸಿನೂ ಸಣ್ಣದು ಮಾಡಿಸ್ಲೇನ್ರಿ?” ಎಂದರು.

“ಮಾಡಿಸು. ಗದಿ ತೆಗಿಸಿ, ಕುಂದ್ರಿಸಿಬಿಡು.”

ಸ್ವಾಮಿಗಳು ಆ ಸಾಲುಗಳನ್ನು ಎರಡು ಸಲ ಓದಿಸಿ ಕೇಳಿ, ಬದಲಿಸಬೇಡಿರೆಂದರಂತೆ. ಅಕ್ಷತಾ ಒಂದೇ ದಿನಕ್ಕೆ ಸುಧಾರಿಸಲಿಲ್ಲ. ಕೆಲವು ಬೆಳಿಗ್ಗೆ ತಾಯಿಯ ಕೊರಳು ನೋಡುವಳು, ಕೆಲವು ಬೆಳಿಗ್ಗೆ ಮರೆಯುವಳು. ದಾಕ್ಷಾಯಣಮ್ಮನವರಿಗೂ ಹಾಗೆಯೇ. ಪೂಜೆಯ ನಡುವೆ ಮನಸ್ಸು ಇನ್ನೂ ಅಟ್ಟ ಹತ್ತುತ್ತಿತ್ತು. ಒಮ್ಮೊಮ್ಮೆ ತಾನಾಗಿ ಇಳಿದು ಬರುತ್ತಿತ್ತು.

ಪುಸ್ತಕ ಅಚ್ಚಾಗುವ ಮೊದಲು ಮೂವರೂ ಹಚ್ಚೊಳ್ಳಿಗೆ ಹೋದರು. ಕಾಲುವೆಗೆ ನೀರು ಬಿಟ್ಟಿದ್ದರು. ಭತ್ತದ ಸಸಿ ಎದ್ದಿತ್ತು. ಪೂಜಿತಾ ಸಮಾಧಿಯ ಮಣ್ಣಿನ ಮೇಲೆ ನೀರು ಚಿಮುಕಿಸಿ ಬಿಲ್ವಪತ್ರೆ ಇಟ್ಟಳು. ಏನು ಹೇಳಬೇಕೆಂದು ಅಕ್ಷತಾ ಅಜ್ಜಿಯ ಮುಖ ನೋಡಿದಳು. ದಾಕ್ಷಾಯಣಮ್ಮನವರು ಕೈ ಜೋಡಿಸಿ, ಅವಳಿಗೆ ತಿಳಿಯುವ ಮಾತಿನಲ್ಲೇ, ನಿಧಾನವಾಗಿ ಹೇಳಿದರು. ಮಗು ಹಿಂದಿನಿಂದ ಹೇಳುತ್ತ ಬಂತು.

“ಶಿವನೇ, ನಮ್ಮ ಶಶಿಕಾಂತ ನಿನ್ನ ಹತ್ರ ಬಂದಾನ. ದುಡಿದು ದಣಿದ ಮೈ ಅವಂದು, ಕುಂದ್ರಾಕ ನೆಳ್ಳು ಕೊಡು. ಬಿದ್ದ ನೋವು ಅವನಿಗೆ ನೆನಪಿರಬಾರ್ದು. ನಮ್ಮ ಚಿಂತಿ ಅವನಿಗೆ ಹತ್ತಬಾರ್ದು. ನಾವಿಲ್ಲಿ ಹೆಂಗೋ ಇರ್ತೀವಿ. ಅವನನ್ನ ನಿನ್ನ ಪಾದದ ಹತ್ರ ಶಾಂತಿಯಿಂದ ಇಟ್ಕೋ ತಂದೆ, ಶಾಂತಿಯಿಂದ ಇಟ್ಕೋ.”