ಚೌಡಯ್ಯನ ವ್ಯಾನಿಗೆ ಧೂಪ

ಕೊಳ್ಳೇಗಾಲದ ನೇಕಾರ ಚೌಡಯ್ಯ ಹಳೇ ವ್ಯಾನೊಂದನ್ನು ಕೊಂಡ ಮೇಲೆ ನಡೆಯುವುದನ್ನೇ ಬಿಟ್ಟಿದ್ದ. ಎದುರು ಮನೆಗೆ ಹೋಗುವುದಕ್ಕೂ ವ್ಯಾನೇ. ಆದರೆ ಈಚೆಗೆ ಅದು ನಿಂತಲ್ಲೇ ಪೆಟ್ರೋಲ್ ನಾರುತ್ತಿತ್ತು. ಯಳಂದೂರಿನ ಮದುವೆ ಮನೆಯವರು ಧಾರೆ ಸೀರೆಯನ್ನು ಮೂಸಿ, "ಮದುಮಗಳು ಸೀರೆ ಉಡಬೇಕಾ, ಬಂಕ್ ನಡೆಸ್ಬೇಕಾ?" ಎಂದು ವಾಪಸ್ ಕಳಿಸಿದ್ದರು. ಇವತ್ತು ಸಂಜೆಯೊಳಗೆ ಬೇರೆ ಸೀರೆ ತಲುಪಿಸದಿದ್ದರೆ ಚೌಡಯ್ಯನ ಮಾನ ಹೋದಂತೆಯೇ.

ಅವನಿಗೆ ತೋಚಿದ ಮದ್ದು ಒಂದೇ, ಧೂಪ. ಶುಕ್ರವಾರ ಮಗ್ಗಕ್ಕೆ ಹಾಕುವ ಹಾಗೆ ಕೆಂಡದ ಮೇಲೆ ಸಾಂಬ್ರಾಣಿ ಚೆಲ್ಲಿ, ವ್ಯಾನಿನ ಸುತ್ತ ಹೊರಟ. ಹೊಸ ಸೀರೆಯನ್ನು ಆಗಷ್ಟೇ ಒಳಗಿಟ್ಟಿದ್ದ.

"ಅಯ್ಯಯ್ಯೋ, ಚೌಡಣ್ಣ, ನಿಲ್ಸು!" ಗೆಳೆಯ ಗುರುಪಾದಸ್ವಾಮಿ ಓಡಿ ಬಂದ. ಅವನು ಬಸ್ ಡ್ರೈವರ್. ಧೂಪಾರತಿ ಕಿತ್ತುಕೊಂಡು ದೂರ ಒಯ್ದಿಟ್ಟ. "ವ್ಯಾನ್ ಜೊತೆ ನೀನೂ ಬೂದಿ ಆಯ್ತೀಯ!"

"ಸುಮ್ನಿರಪ್ಪ. ಬಗ್ಗಿ ನೋಡ್ದೆ, ಒಂದ್ ತೊಟ್ಟೂ ಸೋರ್ತಿಲ್ಲ. ಯಾರದೋ ಕಣ್ಣು ಬಿದ್ದದೆ."

"ತೊಟ್ಟು ಸೋರ್ದಿದ್ರೂ ಆವಿ ಓಯ್ತದೆ ಕಣಣ್ಣ. ನಮ್ ಕಣ್ಣಿಗೆ ಕಾಣಲ್ಲ, ಕಿಡಿ ಕಂಡ್ರೆ ಬುಡಲ್ಲ."

"ಕಾಣದ್ದನ್ನ ನೀನೆಂಗೆ ಇಡೀತೀಯ?"

ಗುರುಪಾದಸ್ವಾಮಿ ಮನೆಯ ಕಡೆ ತಿರುಗಿ ಕೂಗಿದ, "ಅನಸೂಯಕ್ಕ, ರೇಷ್ಮೆ ಬೇಯಿಸಿದ ಸೋಪಿನ ನೀರು ಆರಿದ್ರೆ ಒಂದ್ ಚೊಂಬು ಕೊಡಿ!"

ಚೌಡಯ್ಯನ ಹೆಂಡತಿ ಅನಸೂಯಮ್ಮ ತಣ್ಣನೆಯ ನೊರೆನೀರು ತಂದಳು. ಎಂಜಿನ್ ನಿಂತು ಬಹಳ ಹೊತ್ತಾಗಿತ್ತು, ಬಿಸಿಲಿಗೆ ಟ್ಯಾಂಕು ಕಾದು ಒಳಗೆ ಆವಿ ತುಂಬಿತ್ತು. ಗುರುಪಾದಸ್ವಾಮಿ ಮುಚ್ಚಳದ ಸುತ್ತ ನೊರೆ ಬಳಿದ. ಏನೂ ಇಲ್ಲ. ಚೌಡಯ್ಯ ಮೀಸೆಯಲ್ಲೇ ನಕ್ಕ. ಆಮೇಲೆ ಟ್ಯಾಂಕಿಗೆ ಇಳಿಯುವ ರಬ್ಬರ್ ಕೊಳವೆಗೆ ಬಳಿದಾಗ ಪುಟ್ಟ ಗುಳ್ಳೆಯೊಂದು ಉಬ್ಬಿ ಒಡೆಯಿತು. ಹಿಂದೆಯೇ ಇನ್ನೊಂದು. ಅಲ್ಲಿತ್ತು ಕೂದಲೆಳೆಯಷ್ಟು ಬಿರುಕು!

ಚೌಡಯ್ಯ ಕೆಂಡವನ್ನೊಮ್ಮೆ, ವ್ಯಾನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. "ಎಂತಾ ಕೆಲ್ಸ ಮಾಡ್ತಿದ್ನಲ್ಲಪ್ಪ!" ಎಂದ.

"ಅದೇ ಕಣ್ರಿ. ಕೊಳವೆ ಬದಲಾಯ್ಸೋ ಗಂಟ ಇದನ್ನ ಮುಟ್ಬ್ಯಾಡಿ," ಎಂದ ಅನಸೂಯಮ್ಮ ಸೀರೆ ತೆಗೆದು ಮೂಸಿದಳು. "ಇನ್ನೂ ನಾರಿಲ್ಲ, ಪುಣ್ಯ! ನಾನು ಗುರುಪಾದಣ್ಣನ ಬಸ್ಸಲ್ಲೇ ಯಳಂದೂರಿಗೆ ಓಯ್ತೀನಿ."

ಅಣ್ಣಂದಿರೇ, ಅಕ್ಕಂದಿರೇ, ನಿಂತ ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಉದಾಸೀನ ಮಾಡಬೇಡಿ. ಎಂಜಿನ್ ನಿಲ್ಲಿಸಿ, ಗಾಡಿಯನ್ನು ಬಯಲಿಗೆ ತಳ್ಳಿ. ಬೀಡಿ, ಕರ್ಪೂರ, ಕೆಂಡ ಯಾವುದೂ ಹತ್ತಿರ ಬೇಡ. ಬೆಂಕಿಕಡ್ಡಿ ಗೀರಿ ಹುಡುಕುವ ಜಾಣರಂತೂ ದೂರವೇ ಇರಲಿ. ತಣ್ಣನೆಯ ಸೋಪಿನ ನೊರೆ ಬಳಿದು, ಗುಳ್ಳೆ ಎದ್ದ ಜಾಗವನ್ನು ಮೆಕ್ಯಾನಿಕ್‌ಗೆ ತೋರಿಸಿ. ಪೂಜೆ ಬೇಡ ಅನ್ನುವವರು ಯಾರು? ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಒಂದು ಹೂ ಮುಡಿಸಿ. ದೇವರಿಗೆ ಅಷ್ಟು ಸಾಕು, ಮನೆಯವರಿಗೆ ನೀವು ಬೇಕು.