ರಾಮಾಂಜಿನಪ್ಪನವರ ಪ್ರಯೋಗ ಪ್ರವಾಸ

ದೆಹಲಿಯಲ್ಲಿ ಮೂರು ತಿಂಗಳ ತರಬೇತಿ ಮುಗಿಸಿ ಬಂದ ಮೇಲೆ ರಾಮಾಂಜಿನಪ್ಪನವರಿಗೆ ಜಗತ್ತೆಲ್ಲ ವೃತ್ತ ವೃತ್ತವಾಗಿ ಕಾಣತೊಡಗಿತು. ಚಾಮರಾಜಪೇಟೆಯ ಹಳೇ ಬಂಗಲೆಯೊಂದರ ಮಹಡಿಯಲ್ಲಿದ್ದ ಪ್ರವಾಸ ತರಬೇತಿ ಘಟಕಕ್ಕೆ ಅವರು ಸಹಾಯಕ ನಿರ್ದೇಶಕರು. ಊರು ತೋರಿಸುವ ಗೈಡುಗಳಿಗೆ ಪಾಠ ಹೇಳುವುದು ಘಟಕದ ಕೆಲಸ. ಅಲ್ಲಿಯವರೆಗೆ ಪಾಠ ಸರಳವಾಗಿತ್ತು: ಅಂಗಿಗೆ ಇಸ್ತ್ರಿ ಇರಬೇಕು, ಹಲ್ಲು ಕಾಣುವಷ್ಟು ನಗಬೇಕು, ರಾಜರ ಇಸವಿ ತಪ್ಪಬಾರದು. ಈಗ ಅದರ ಜಾಗಕ್ಕೆ ದೆಹಲಿಯಲ್ಲಿ ಕಲಿತ ‘ವ್ಯವಸ್ಥಾ ಚಿಂತನೆ’ ಬಂತು: ಯಾವುದರಿಂದ ಯಾವುದು ಆಗುತ್ತದೆಂದು ವೃತ್ತ, ಬಾಣ ಬರೆದು ತೋರಿಸುವ ವಿದ್ಯೆ.

ಅವೆನ್ಯೂ ರಸ್ತೆಯಿಂದ ಮೊಳಗಟ್ಟಲೆ ಡ್ರಾಯಿಂಗ್ ಹಾಳೆ ತರಿಸಿದರು. ಅದರ ಮೇಲೆ ‘ಪ್ರವಾಸಿ’ ಎಂಬ ವೃತ್ತ. ಅಲ್ಲಿಂದ ಹೊರಟ ಬಾಣ ‘ತೃಪ್ತಿ’ಗೆ, ತೃಪ್ತಿಯಿಂದ ‘ಒಳ್ಳೆಯ ಮಾತಿ’ಗೆ, ಒಳ್ಳೆಯ ಮಾತಿನಿಂದ ‘ಇನ್ನಷ್ಟು ಪ್ರವಾಸಿ’ಗೆ. ಬಿಸಿಲು, ಕಾಲುನೋವು, ಅಳುವ ಮಗು ಇವಕ್ಕೆಲ್ಲ ಕೆಂಪು ಶಾಯಿಯಲ್ಲಿ ಕಳೆಯುವ ಗುರುತು. ನಿವೃತ್ತಿಯ ಅಂಚಿನಲ್ಲಿದ್ದ ನಿರ್ದೇಶಕ ರಾಮಾನುಜ ಅವರು ಕನ್ನಡಕ ಏರಿಸಿ ಇಳಿಸಿ ನೋಡಿದರು.

“ಏನ್ರೀ ಮಾಡತ್ತೆ ಇದು?”

“ಮಾದರಿ ಸಾರ್. ಹತ್ತು ವರ್ಷ ಆದ್ಮೇಲೆ ಬೆಂಗಳೂರಿಗೆ ಎಷ್ಟು ಪ್ರವಾಸಿಗಳು ಬರ್ತಾರೆ ಅಂತ ಈಗಲೇ ಹೇಳತ್ತೆ.”

“ಈಗ ಎಷ್ಟು ಬರ್ತಿದಾರೆ?”

“ಅದು ಗೊತ್ತಿಲ್ಲ ಸಾರ್.”

“ಹಂಗಾದ್ರೆ ಅದೊಂದು ತಿಳ್ಕೊಂಡ್ಬಿಡಿ,” ಎಂದು ನಿರ್ದೇಶಕರು ಸಹಿ ಹಾಕಿದರು.

ಬಸವನಗುಡಿಯ ಮನೆಯಲ್ಲೂ ಇದೇ ಪಾಡು. ಸಾರಿಗೆ ಉಪ್ಪು ಸರಿಯಿದೆಯಾ ಎಂದು ಹೆಂಡತಿ ವಿಶಾಲಮ್ಮ ಕೇಳಿದರೆ, “ಉಪ್ಪಿಗೂ ರುಚಿಗೂ ಎರಡನೇ ಸಲ ಬಡಿಸೋದಕ್ಕೂ ಒಂದು ಸಂಬಂಧ ಇದೆ ಕಣೇ,” ಎಂದು ಶುರುಮಾಡುತ್ತಿದ್ದರು.

“ಸಂಬಂಧ ಆಮೇಲೆ ನೋಡೋಣ. ಉಪ್ಪು ಬೇಕೋ ಬೇಡ್ವೋ ಹೇಳಿ.”

ಅಂಕಿಅಂಶ ಕಲೆಹಾಕಲು ಒಂದು ಪ್ರಯೋಗ ಪ್ರವಾಸ ಎಂದು ನಿಶ್ಚಯವಾಯಿತು. ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಪರವೂರಿನವರನ್ನು ಪುಕ್ಕಟೆ ಹತ್ತಿಸಿಕೊಂಡು ದೊಡ್ಡ ಬಸವನ ಗುಡಿ, ಲಾಲ್‌ಬಾಗ್ ತೋರಿಸುವುದು. ದಾರಿಯಲ್ಲಿ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದು. ಅಳುವ ಮಗುವಿಗೆ ಮಾದರಿಯಲ್ಲಿ ದೊಡ್ಡ ಸ್ಥಾನವಿದ್ದದ್ದರಿಂದ, ಮನೆಯಲ್ಲಿ ಮಕ್ಕಳೆಷ್ಟು ಎಂಬುದು ಮೊದಲನೇ ಪ್ರಶ್ನೆಯಾಯಿತು. ಹತ್ತು ವರ್ಷದ ಲೆಕ್ಕವಾದ್ದರಿಂದ, ಮುಂದೆ ಹುಟ್ಟುವವರೂ ನಾಳಿನ ಪ್ರವಾಸಿಗಳೇ ಎಂದು ರಾಮಾಂಜಿನಪ್ಪನವರು ಇನ್ನೊಂದು ಪ್ರಶ್ನೆ ಸೇರಿಸಿದರು: ಇನ್ನು ಮಕ್ಕಳು ಮಾಡಿಕೊಳ್ಳುವ ಯೋಚನೆ ಇದೆಯೇ?

ಅದು ಎಪ್ಪತ್ತಾರನೇ ಇಸವಿ, ತುರ್ತುಪರಿಸ್ಥಿತಿಯ ಕಾಲ. ಸರ್ಕಾರದವರು ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದಂತೆ ಆಪರೇಷನ್ ಮಾಡಿಸುತ್ತಾರೆಂಬ ಗುಲ್ಲು ಹಳ್ಳಿಹಳ್ಳಿಗೂ ಮುಟ್ಟಿತ್ತು. ರಾಮಾಂಜಿನಪ್ಪನವರ ಕಿವಿಗೂ ಅದು ಬಿದ್ದಿತ್ತು. ಆದರೆ ಹಾಳೆಯ ಮೇಲೆ ಅದಕ್ಕೊಂದು ವೃತ್ತ ಇರಲಿಲ್ಲ.

ಆ ಬೆಳಿಗ್ಗೆ ಬೇರೆ ಇಲಾಖೆಯೊಂದರಿಂದ ಕಡ ತಂದ ಬಸ್ಸು ಕಲಾಸಿಪಾಳ್ಯದಲ್ಲಿ ನಿಂತಿತು. ಮೊದಲು ಯಾರೂ ಹತ್ತಲಿಲ್ಲ. ಉಪ್ಪಿಟ್ಟು ಕೊಡುತ್ತಾರೆಂದು ಗೈಡು ಸೊಣ್ಣಪ್ಪ ಕೂಗಿದ್ದೇ ತಡ, ಸೀಟು ತುಂಬಿತು. ಬಸ್ಸು ಹೊರಟ ಕೂಡಲೇ ಅವನು ಕಲಿತಂತೆ ಹಲ್ಲು ತೋರಿಸಿ, ಚಿಂತಾಮಣಿ ಕಡೆಯ ಅಕ್ಕಯಮ್ಮ ಎಂಬ ಹೆಂಗಸಿನ ಮುಂದೆ ನಿಂತ.

“ಮಕ್ಕಳೆಷ್ಟಮ್ಮಾ?”

“ನಾಕು.”

“ಇನ್ನೂ ಮಾಡ್ಕೊಳ್ಳೋ ಯೋಚನೆ ಇದೆಯಾ?”

ಅಕ್ಕಯಮ್ಮ ಗಂಡನ ಮುಖ ನೋಡಿದಳು. ಗಂಡ ಪಕ್ಕದ ಸೀಟಿನವನನ್ನು ನೋಡಿದ. ಬಸ್ಸೆಲ್ಲ ಗಪ್‌ಚುಪ್. ಜನ ಇಷ್ಟು ಗಮನ ಕೊಡುತ್ತಿದ್ದಾರಲ್ಲ ಎಂದು ರಾಮಾಂಜಿನಪ್ಪನವರು ‘ಏಕಾಗ್ರತೆ’ ಎಂಬ ಹೊಸ ವೃತ್ತ ಬರೆದು, ಪಕ್ಕದಲ್ಲಿ ಕೂಡುವ ಗುರುತು ಹಾಕಿದರು.

ಬಸವನ ಗುಡಿಯ ಮುಂದೆ ಎಲ್ಲರೂ ಇಳಿದರು. ಬಸ್ಸಿನ ಹಿಂಭಾಗಕ್ಕೆ ಹೋದ ಅಕ್ಕಯಮ್ಮನ ಕಣ್ಣಿಗೆ ಅಲ್ಲಿ ಬರೆದಿದ್ದ ಕೆಂಪು ತ್ರಿಕೋನ ಬಿತ್ತು. ಕುಟುಂಬ ಯೋಜನೆಯ ಗುರುತು. ಓದಲು ಬಾರದವರಿಗೂ ಆ ಕಾಲದಲ್ಲಿ ಅದು ತಿಳಿಯುತ್ತಿತ್ತು.

“ಅಯ್ಯೋ, ಕುಯ್ಯೋರು ಕಣ್ರೋ! ಓಡ್ರೋ!”

ಗಂಟುಮೂಟೆ ಸಮೇತ ಗಂಡಸರೆಲ್ಲ ದಿಕ್ಕಾಪಾಲು. ಕೆಲವರು ಗಾಂಧಿ ಬಜಾರಿನ ಕಡೆಗೆ, ಕೆಲವರು ಕಹಳೆ ಬಂಡೆಯ ಮೇಲಕ್ಕೆ. ಹೂವಿನಂಗಡಿಯವರು ಎದ್ದುನಿಂತು ನೋಡಿದರು. ರಾಮಾಂಜಿನಪ್ಪನವರು ಹಾಳೆಗಳನ್ನು ಎದೆಗವಚಿಕೊಂಡು ಹಿಂದೆಯೇ ಓಡಿದರು.

“ಹೆದರ್ಬೇಡಿ! ಏನೂ ನೋವಾಗಲ್ಲ! ಇದು ಬರೀ ಪ್ರಯೋಗ!”

ಮಾತು ಬಾಯಿಂದ ಬಿದ್ದ ಮೇಲೆ ಓಟ ಇಮ್ಮಡಿಯಾಯಿತು.

ಕೊನೆಗೆ ಪೊಲೀಸಿನವನೊಬ್ಬ ಮುನಿರಾಮಪ್ಪ ಎಂಬ ಮುದುಕನನ್ನು ರಟ್ಟೆ ಹಿಡಿದು ಎಳೆತಂದು ಸಲ್ಯೂಟ್ ಹೊಡೆದ. “ಒಬ್ಬ ಸಿಕ್ದ ಸಾರ್.”

ಮುದುಕ ಕಾಲಿಗೆ ಬಿದ್ದ. “ನಂಗೆ ಅರವತ್ತು ದಾಟೈತೆ ಸ್ವಾಮಿ, ನನ್ನ ಕುಯ್ದು ಏನ್ ಮಾಡ್ತೀರಾ? ಬೇಕಾದ್ರೆ ನನ್ನಳಿಯ ಅವ್ನೆ, ವಿಳಾಸ ಕೊಡ್ತೀನಿ.”

ದೇವನಹಳ್ಳಿ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿದ ರಾಮಾಂಜಿನಪ್ಪನವರಿಗೆ ಆ ದನಿ ತಮ್ಮ ಸೋದರಮಾವನದೇ ಎನಿಸಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಪೊಲೀಸಿನವನನ್ನು ಕಳಿಸಿ, ಮುದುಕನನ್ನು ಕಲ್ಲಿನ ಮೇಲೆ ಕೂರಿಸಿ, ಉಪ್ಪಿಟ್ಟಿನ ಪೊಟ್ಟಣ ಕೊಟ್ಟರು. ಅವನು ಮುಟ್ಟಲಿಲ್ಲ. ಮದ್ದು ಬೆರೆಸಿದ್ದಾರೆಂಬ ಅನುಮಾನ.

“ನೋಡಿ, ನಾನೇ ತಿಂತೀನಿ,” ಎಂದು ರಾಮಾಂಜಿನಪ್ಪನವರು ಒಂದು ತುತ್ತು ಬಾಯಿಗೆ ಹಾಕಿಕೊಂಡರು.

“ನಿಮ್ಗೆ ಆಗ್ಲೇ ಮಾಡ್ಸವ್ರೋ ಏನೋ ಸ್ವಾಮಿ,” ಎಂದ ಮುದುಕ.

ಮರುದಿನ ಅವರು ಜೀವಮಾನದಲ್ಲೇ ಮೊದಲ ಬಾರಿ ಒಂದು ನಿಜವಾದ ವೃತ್ತ ಬರೆದರು. ‘ಭಯ’. ಅದರಿಂದ ಎಲ್ಲ ಕಡೆಗೂ ಬಾಣಗಳು. ಜನ ಸರ್ಕಾರದ ಬಸ್ಸು ಕಂಡರೇ ಓಡುವಾಗ ಊರು ತೋರಿಸುವುದು ಹೇಗೆ ಎಂದು ಕೆಳಗೆ ಎರಡು ಪುಟ. ನಿರ್ದೇಶಕರು ಓದಿ, ಎದ್ದು ಬಾಗಿಲು ಹಾಕಿದರು.

“ಇಂಥ ಹೊತ್ತಲ್ಲಿ ಇದಕ್ಕೆ ಸಹಿ ಹಾಕ್ತೀರೇನ್ರೀ? ನಿಮ್ಮ ಮುಂದಿನ ಪ್ರವಾಸ ಜೈಲಿಗೇ ಆಗಬೇಕೇನು?”

“ನಡೆದದ್ದು ಇದೇ ಸಾರ್.”

“ನಡೆದದ್ದು ಯಾರು ಕೇಳಿದ್ರು? ಓಡಿದ್ರು ತಾನೇ? ಉತ್ಸಾಹ ಇದ್ರೂ ಜನ ಓಡ್ತಾರಪ್ಪ.”

ರಾಮಾಂಜಿನಪ್ಪನವರು ಹಾಳೆಯನ್ನು ವಾಪಸ್ ತೆಗೆದುಕೊಂಡರು. ಬಡ್ತಿಯ ಪಟ್ಟಿಯಲ್ಲಿ ತಮ್ಮ ಹೆಸರಿರುವುದು ನೆನಪಾಯಿತು. ಬ್ಲೇಡು ತೆಗೆದು ಎರಡಕ್ಷರ ಹೆರೆದು, ಆ ಜಾಗದಲ್ಲಿ ‘ಉತ್ಸಾಹ’ ಎಂದು ಬರೆದರು. ಬಾಣಗಳನ್ನು ಬದಲಿಸಬೇಕಾಗಲಿಲ್ಲ. ಪ್ರವಾಸಿಗಳು ಉತ್ಸಾಹ ತಡೆಯಲಾರದೆ, ಗೈಡುಗಳ ನೆರವೂ ಇಲ್ಲದೆ, ತಾವಾಗಿಯೇ ನಗರದ ನಾನಾ ಭಾಗಗಳನ್ನು ನೋಡಲು ವೇಗವಾಗಿ ತೆರಳಿದರೆಂದು ವರದಿ ಹೇಳಿತು. ಮೇಲಿನವರು ಬಹಳ ಮೆಚ್ಚಿದರು.

ಬಡ್ತಿ ಬಂತು. ಜಿಲ್ಲೆ ಜಿಲ್ಲೆಯಿಂದ ಬಂದ ತರಬೇತುದಾರರಿಗೆ ಆ ಮಾದರಿಯನ್ನು ಕಲಿಸುವ ಕೆಲಸವೂ ಬಂತು. ಮೊದಲ ತರಗತಿಯಲ್ಲಿ ಮುಂದಿನ ಸಾಲಿನವನೊಬ್ಬ ಕೈಯೆತ್ತಿದ.

“ಸಾರ್, ಉತ್ಸಾಹ ಎಲ್ಲರಿಗೂ ಹರಡೋಕೆ ಎಷ್ಟು ಹೊತ್ತು ಬೇಕಾಗತ್ತೆ?”

“ಹೊತ್ತೇನೂ ಬೇಡ,” ಎಂದರು ರಾಮಾಂಜಿನಪ್ಪನವರು, ಹಲಗೆಯ ಕಡೆಗೆ ತಿರುಗಿಕೊಂಡೇ. “ಒಬ್ಬರು ಕಿರುಚಿದ್ರೆ ಸಾಕು.”

ಎಲ್ಲರೂ ತಲೆ ತಗ್ಗಿಸಿ ಅದನ್ನೇ ಬರೆದುಕೊಂಡರು.